ಅಮ್ಮನಿಗೆ ಹಾಶಿಮೊಟೊ, ನನಗೂ ಬರುತ್ತಾ?

ಅಮ್ಮ, ಚಿಕ್ಕಮ್ಮ ಇಬ್ಬರಿಗೂ ಹಾಶಿಮೊಟೊ ಥೈರಾಯ್ಡ್ (ದೇಹದ ರೋಗನಿರೋಧಕ ವ್ಯವಸ್ಥೆಯೇ ಕತ್ತಿನ ಥೈರಾಯ್ಡ್ ಗ್ರಂಥಿಯನ್ನು ಹಾಳುಮಾಡುವ ಕಾಯಿಲೆ) ಇದೆ. ನನಗೆ 29, ಹೆರಿಗೆಯಾಗಿ ನಾಲ್ಕು ತಿಂಗಳು. ಕೂದಲು ಉದುರುತ್ತಿದೆ, ಸುಸ್ತು ಬೇರೆ. ಅತ್ತೆ ಅಯೋಡಿನ್ ಉಪ್ಪು ಬಿಡು, ಎಲೆಕೋಸು ಮುಟ್ಟಬೇಡ ಅಂತಾರೆ. ನಿಜಾನಾ?

ಉತ್ತರ 1: ಮನೆಯಲ್ಲಿ ಇದ್ದರೆ ಸಾಧ್ಯತೆ ಜಾಸ್ತಿ, ಆದರೆ ಬಂದೇ ಬರುತ್ತದೆ ಅಂತೇನಿಲ್ಲ. ಗಂಡಸರಿಗಿಂತ ಹೆಂಗಸರಿಗೆ ಹಲವು ಪಟ್ಟು ಹೆಚ್ಚು. ಬಸುರಿಯಲ್ಲಿ ಸ್ವಲ್ಪ ತಗ್ಗಿರುವ ರೋಗನಿರೋಧಕ ವ್ಯವಸ್ಥೆ ಹೆರಿಗೆಯಾದ ಮೇಲೆ ಮತ್ತೆ ಚುರುಕಾಗುತ್ತದಲ್ವಾ, ಆ ಮೊದಲ ವರ್ಷದಲ್ಲೇ ಕೆಲವರಿಗೆ ಅದು ಥೈರಾಯ್ಡ್ ಮೇಲೆ ತಿರುಗಿ ಬೀಳುತ್ತದೆ. ಬಾಣಂತಿಯರಿಗೆ ಕೂದಲು ಸುಮ್ನೆ ಕೂಡ ಉದುರುತ್ತದೆ, ಹಾಗಾಗಿ ಊಹೆ ಬೇಡ. ಡಾಕ್ಟರನ್ನು ಕೇಳಿ ಟಿಎಸ್‌ಎಚ್, ಫ್ರೀ ಟಿ4, ಆಂಟಿ ಟಿಪಿಒ ಅನ್ನುವ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಅದು ರಿಪೋರ್ಟನ್ನೇ ಏರುಪೇರು ಮಾಡುತ್ತದೆ.

ಉತ್ತರ 2: ನನಗೆ ಟೈಪ್ 1 ಶುಗರ್. ರೋಗನಿರೋಧಕ ವ್ಯವಸ್ಥೆ ತನ್ನ ದೇಹದ ಮೇಲೇ ಬೀಳುವ ಇಂಥದ್ದೊಂದು ಕಾಯಿಲೆ ಇದ್ದರೆ ಹಾಶಿಮೊಟೊ ಕೂಡ ಜೊತೆಗೆ ಬರುವುದುಂಟು, ಅದಕ್ಕೇ ಆಗಾಗ ಟಿಎಸ್‌ಎಚ್ ನೋಡಿಸುತ್ತೇನೆ. ಸಿಗರೇಟು ಸೇದುವವರಿಗೆ ಗ್ರೇವ್ಸ್ ಕಾಯಿಲೆಯ (ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದು) ಭಯ ಜಾಸ್ತಿ, ಕಣ್ಣಿಗೂ ತೊಂದರೆ.

ಉತ್ತರ 3: ಉಪ್ಪು ಬಿಡಬೇಡಿ ಮಾರಾಯ್ರೆ! ಹಾಲು ಕುಡಿಯುವ ಮಗುವಿಗೆ ಅಯೋಡಿನ್ ನಿಮ್ಮಿಂದಲೇ ಹೋಗಬೇಕು. ಅತಿಯಾದರೆ ತೊಂದರೆ, ನಿಜ, ಆದರೆ ಅದು ಕಡಲಪಾಚಿ ಕ್ಯಾಪ್ಸೂಲ್ ತಿನ್ನುವವರ ಕಥೆ. ಬೇಯಿಸಿದ ಕೋಸಿನ ಪಲ್ಯ ಆರಾಮಾಗಿ ತಿನ್ನಿ, ಅತ್ತೆಗೂ ಬಡಿಸಿ.