ಮಳೆಗಾಲದಲ್ಲಿ ಎರಡು ಇಂಟರ್‌ನೆಟ್ ಸಂಪರ್ಕ: ಪಿಎಫ್‌ಸೆನ್ಸ್ ಬಳಸಿದವರ ಅನುಭವ

ಪ್ರಶ್ನೆ: ಸೋಮವಾರಪೇಟೆ ಬಳಿ ನಮ್ಮದೊಂದು ಹೋಮ್‌ಸ್ಟೇ ಇದೆ. ಹಳೆಯ ಕಂಪ್ಯೂಟರಿಗೆ ಪಿಎಫ್‌ಸೆನ್ಸ್ (ಕಂಪ್ಯೂಟರನ್ನೇ ರೂಟರ್ ಮತ್ತು ಫೈರ್‌ವಾಲ್ ಆಗಿಸುವ ತಂತ್ರಾಂಶ) ಹಾಕಿ, ಫೈಬರ್ ಮತ್ತು 4ಜಿ ರೂಟರ್ ಎರಡನ್ನೂ ಜೋಡಿಸಿದ್ದೇನೆ. ಮರ ಬಿದ್ದು ಫೈಬರ್ ತುಂಡಾದರೂ ಸಂಪರ್ಕ ತಾನಾಗಿ 4ಜಿಗೆ ಬದಲಾಗುತ್ತಿಲ್ಲ. ಅತಿಥಿಗಳ ವೈಫೈನಿಂದ ನಮ್ಮ ಕ್ಯಾಮೆರಾಗಳು ಕಾಣದಂತೆಯೂ ಮಾಡಬೇಕಿದೆ. ಬಲ್ಲವರು ದಯವಿಟ್ಟು ತಿಳಿಸಿ.

ಮಡಿಕೇರಿಯಿಂದ ಉತ್ತರ: ನಮ್ಮ ತೋಟದ ಮನೆಯಲ್ಲೂ ಇದೇ ತೊಂದರೆಯಿತ್ತು. ಪಿಎಫ್‌ಸೆನ್ಸ್ ಪ್ರತಿ ಸಂಪರ್ಕದ ಗೇಟ್‌ವೇಗೆ (ಹೊರಜಾಲದತ್ತ ಹೋಗುವ ದಾರಿಯ ಮೊದಲ ಸಾಧನ) ಪಿಂಗ್ ಎಂಬ ಪುಟ್ಟ ಪರೀಕ್ಷಾ ಸಂದೇಶ ಕಳುಹಿಸಿ ಅದು ಜೀವಂತವಿದೆಯೇ ಎಂದು ನೋಡುತ್ತದೆ. ಫೈಬರ್ ಮೋಡೆಮ್ ತಾನೇ ರೂಟರ್ ಆಗಿ ಕೆಲಸ ಮಾಡುತ್ತಿದ್ದರೆ ಆ ಗೇಟ್‌ವೇ ಎಂದರೆ ಮನೆಯೊಳಗಿನ ಮೋಡೆಮ್ಮೇ ಆಗಿರುತ್ತದೆ. ಹೊರಗೆ ಕೇಬಲ್ ತುಂಡಾಗಿದ್ದರೂ ಅದು ಪಿಂಗ್‌ಗೆ ಉತ್ತರಿಸುತ್ತಲೇ ಇರುವುದರಿಂದ ಪಿಎಫ್‌ಸೆನ್ಸ್‌ಗೆ ದೋಷ ತಿಳಿಯುವುದೇ ಇಲ್ಲ. ಆದ್ದರಿಂದ ಮಾನಿಟರ್ ಐಪಿಯಾಗಿ, ಅಂದರೆ ಪಿಂಗ್ ಕಳುಹಿಸಬೇಕಾದ ವಿಳಾಸವಾಗಿ, ಇಂಟರ್‌ನೆಟ್‌ನಲ್ಲಿರುವ ಸರ್ವರ್‌ಗಳನ್ನು ಕೊಡಿ: ಫೈಬರಿಗೆ 8.8.8.8, 4ಜಿಗೆ 1.1.1.1. ಎರಡಕ್ಕೂ ಒಂದೇ ವಿಳಾಸ ಕೊಡಬಾರದು, ಏಕೆಂದರೆ ಆ ವಿಳಾಸದ ದಾರಿಯನ್ನು ಪಿಎಫ್‌ಸೆನ್ಸ್ ಒಂದೇ ಗೇಟ್‌ವೇಗೆ ಕಟ್ಟಿಹಾಕುತ್ತದೆ. ನಂತರ ಗೇಟ್‌ವೇ ಗ್ರೂಪ್ ರಚಿಸಿ ಫೈಬರನ್ನು ಟಿಯರ್ 1 (ಮೊದಲ ಆದ್ಯತೆ), 4ಜಿಯನ್ನು ಟಿಯರ್ 2 (ಅದು ಕೆಟ್ಟಾಗ ಬಳಸುವುದು) ಮಾಡಿ, ಆ ಗ್ರೂಪನ್ನೇ ಡೀಫಾಲ್ಟ್ ಗೇಟ್‌ವೇ ಆಗಿ ಆರಿಸಿ.

ಜೋರು ಮಳೆಯಲ್ಲಿ 4ಜಿಯ ಪಿಂಗ್ ಸಮಯ ವಿಪರೀತ ಏರುವುದುಂಟು. ಡೀಫಾಲ್ಟ್ ಮಿತಿಯಾದ 500 ಮಿಲಿಸೆಕೆಂಡ್ ದಾಟಿದರೆ ಅಥವಾ ಪ್ಯಾಕೆಟ್ ಲಾಸ್ (ಉತ್ತರ ಬಾರದ ಪಿಂಗ್‌ಗಳ ಪ್ರಮಾಣ) ಶೇಕಡಾ 20 ಮೀರಿದರೆ ಗೇಟ್‌ವೇ ಸತ್ತಿತೆಂದೇ ಎಣಿಕೆಯಾಗುವುದರಿಂದ, 4ಜಿಗೆ ಮಾತ್ರ ಈ ಮಿತಿಗಳನ್ನು ಸಡಿಲಿಸುವುದು ಒಳ್ಳೆಯದು. ಮೋಡೆಮ್, 4ಜಿ ರೂಟರ್, ಪಿಎಫ್‌ಸೆನ್ಸ್ ಮೂರೂ 192.168.1.1 ಎಂಬ ಒಂದೇ ವಿಳಾಸದಲ್ಲಿ ಕುಳಿತಿಲ್ಲವೆಂಬುದನ್ನೂ ಮೊದಲು ಖಚಿತಪಡಿಸಿಕೊಳ್ಳಿ.

ಗೋಣಿಕೊಪ್ಪದಿಂದ ಉತ್ತರ: ಕ್ಯಾಮೆರಾ ವಿಷಯಕ್ಕೆ ಸೇರಿಸುತ್ತೇನೆ. ಅತಿಥಿಗಳಿಗೆ ಪ್ರತ್ಯೇಕ ವಿಲ್ಯಾನ್ (ಅದೇ ಸಾಧನಗಳ ಮೇಲೆ ಬೇರ್ಪಡಿಸಿದ ಜಾಲ) ಮಾಡಿ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಫೈರ್‌ವಾಲ್ ರೂಲ್‌ಗಳನ್ನು ಪಿಎಫ್‌ಸೆನ್ಸ್ ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಹೊಂದಿದ್ದನ್ನೇ ಜಾರಿಗೊಳಿಸುವುದರಿಂದ ಅವುಗಳ ಕ್ರಮವೇ ಮುಖ್ಯ: ಮೊದಲು ಡಿಎನ್‌ಎಸ್‌ಗೆ (ಜಾಲತಾಣದ ಹೆಸರಿನಿಂದ ಐಪಿ ವಿಳಾಸ ಹುಡುಕುವ ಸೇವೆ) ಅನುಮತಿ, ಬಳಿಕ ಫೈರ್‌ವಾಲ್‌ಗೂ ಮನೆಯ ಮತ್ತು ಕ್ಯಾಮೆರಾಗಳ ಜಾಲಕ್ಕೂ ಬ್ಲಾಕ್, ಕೊನೆಯಲ್ಲಿ ಉಳಿದೆಲ್ಲಕ್ಕೂ ಅನುಮತಿ. ಕ್ಯಾಮೆರಾಗಳನ್ನೂ ಬೇರೆ ಜಾಲದಲ್ಲಿಟ್ಟು, ಮನೆಯ ಜಾಲದ ರೂಲ್‌ನಲ್ಲಿ ಗೇಟ್‌ವೇ ಗ್ರೂಪ್ ಆರಿಸಿದ್ದರೆ, ಕ್ಯಾಮೆರಾ ಜಾಲಕ್ಕೆ ಹೋಗಬೇಕಾದ ಪ್ಯಾಕೆಟ್‌ಗಳೂ ಇಂಟರ್‌ನೆಟ್ ಕಡೆಗೇ ಹೊರಟುಬಿಡುತ್ತವೆ. ಅದಕ್ಕೆ ಕ್ಯಾಮೆರಾ ಜಾಲಕ್ಕೆ ಅನುಮತಿ ಕೊಡುವ, ಗೇಟ್‌ವೇ ಸೂಚಿಸದ ಇನ್ನೊಂದು ರೂಲನ್ನು ಆ ರೂಲ್‌ನ ಮೇಲೆ ಇಡಬೇಕು.

ಫೈಬರ್ ಹೋದಾಗ ಹಳೆಯ ಸಂಪರ್ಕಗಳು ಅದಕ್ಕೇ ಅಂಟಿಕೊಂಡು ಅತಿಥಿಗಳ ವಿಡಿಯೊ ಕರೆಗಳು ನಿಂತುಹೋಗುತ್ತಿದ್ದರೆ, ಗೇಟ್‌ವೇ ಕೆಟ್ಟಾಗ ಸ್ಟೇಟ್‌ಗಳನ್ನು (ಚಾಲ್ತಿಯಲ್ಲಿರುವ ಸಂಪರ್ಕಗಳ ದಾಖಲೆಗಳನ್ನು) ಅಳಿಸುವ ಆಯ್ಕೆಯನ್ನು ಅಡ್ವಾನ್ಸ್‌ಡ್ ಸೆಟ್ಟಿಂಗ್‌ಗಳಲ್ಲಿ ಚಾಲೂ ಮಾಡಿ. ನಿಂತ ಕರೆ ಮುಂದುವರಿಯದಿದ್ದರೂ ಮರುಪ್ರಯತ್ನ ನೇರವಾಗಿ 4ಜಿಯಲ್ಲಿ ಹೋಗುತ್ತದೆ.