ನಾಲೆ ಬಯಲಿನ ಗದ್ದೆಗೆ ಹುಲ್ಲು ಹಾಕಿ ಕುರಿ ಮೇಯಿಸಿದರೆ ಗಿಟ್ಟುತ್ತದೆಯೇ?

ಮದ್ದೂರು ರೈತ:
ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ನನಗೆ ಎರಡು ಎಕರೆ ಗದ್ದೆ ಇದೆ. ಕಡಿಯುವ ಆಳು ಸಿಗದೆ ಈ ಸಲ ಹಳೆ ಬುಡದಿಂದ ಚಿಗುರಿದ ಕೂಳೆ ಕಬ್ಬು ಸೂಲಂಗಿ (ಹೂ) ಬಿಟ್ಟು ತೂಕ ಕಳೆದುಕೊಂಡಿತು. ಪೂರ್ತಿ ಹುಲ್ಲು ಹಾಕಿ, ಸುತ್ತ ತಂತಿ ಬಿಗಿದು, ಮೂವತ್ತು ಬಂಡೂರು ಕುರಿ ಬಿಟ್ಟರೆ ಕೊಯ್ಯುವ, ಹೊರುವ ಕೆಲಸವೇ ಇರುವುದಿಲ್ಲ. ನಮ್ಮ ತಂದೆ ಮಾತ್ರ “ಗದ್ದೆಗೆ ಕುರಿ ಬಿಡುತ್ತೀಯಾ?” ಎಂದು ಮುಖ ತಿರುಗಿಸುತ್ತಾರೆ. ಗಿಟ್ಟುತ್ತದೆಯೇ?

ಮಳವಳ್ಳಿ ಕುರಿಯವನು:
ನಿಮ್ಮ ತಂದೆಯವರ ಪಕ್ಷ ನಾನು. ಮೂವತ್ತು ಕೆ.ಜಿ. ತೂಗುವ ಕುರಿ ದಿನಕ್ಕೆ ಹೆಚ್ಚುಕಡಿಮೆ ಒಂದು ಕೆ.ಜಿ. ಒಣ ಮೇವಿನಷ್ಟು ತಿನ್ನುತ್ತದೆ. ಹಸಿ ನೇಪಿಯರ್ ಹುಲ್ಲಿನ ಲೆಕ್ಕದಲ್ಲಿ ಐದು ಕೆ.ಜಿ. ಮೂವತ್ತಕ್ಕೆ ವರ್ಷಕ್ಕೆ ಐವತ್ತೈದು ಟನ್. ನೀರು, ಗೊಬ್ಬರ ಸರಿಯಾಗಿ ಬಿದ್ದರೆ ಒಂದೇ ಎಕರೆ ಇಷ್ಟನ್ನು ಕೊಟ್ಟು ಮಿಗಿಸುತ್ತದೆ. ಹಾಗಿದ್ದ ಮೇಲೆ ಎರಡನೇ ಎಕರೆ ಯಾರಿಗೆ? ಮೇಯಲು ಬಿಟ್ಟರೆ ತುಳಿದದ್ದು, ಹಿಕ್ಕೆ ಬಿದ್ದದ್ದು ಕುರಿ ಮೂಸಿಯೂ ನೋಡುವುದಿಲ್ಲ. ಆ ನಷ್ಟ ತುಂಬುವುದಕ್ಕೇ ನಿಮ್ಮ ಎರಡನೇ ಎಕರೆ ಹೋಗುತ್ತದೆ.

ದುಡ್ಡಿನ ಮಾತು. ಬಂಡೂರು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಸತ್ತದ್ದು, ಮಂದೆಗೆ ಉಳಿಸಿಕೊಂಡದ್ದು ಕಳೆದು ವರ್ಷಕ್ಕೆ ಇಪ್ಪತ್ತೆರಡು ಮರಿ ಮಾರಿದಿರಿ, ಮರಿಗೆ ಹತ್ತು ಸಾವಿರ ಬಂತು ಎಂದಿಟ್ಟುಕೊಳ್ಳಿ: 2.2 ಲಕ್ಷ. ಕಬ್ಬಿಗೆ 2025-26ರ ಹಂಗಾಮಿನಲ್ಲಿ ಶೇ. 10.25 ಸಕ್ಕರೆ ಇಳುವರಿಗೆ ಕೇಂದ್ರದ ದರ ಟನ್ನಿಗೆ 3,550 ರೂ. ಎಕರೆಗೆ ನಲವತ್ತು ಟನ್ ಬೆಳೆದರೂ ಎರಡು ಎಕರೆಗೆ 2.84 ಲಕ್ಷ. ಅದರಲ್ಲಿ ಕಟಾವು, ಸಾಗಣೆ ಮುರಿದುಕೊಳ್ಳುತ್ತಾರೆ, ನಿಜ. ಆದರೆ ನಿಮ್ಮ ತಂತಿ, ಕಂಬ, ಲಸಿಕೆ, ಕಾಯುವ ಕೂಲಿ ಯಾವ ಲೆಕ್ಕದಲ್ಲಿದೆ? ಒಂದು ಎಕರೆಗೆ ಹುಲ್ಲು ಹಾಕಿ, ಕೊಯ್ದು ಕೊಟ್ಟಿಗೆಯಲ್ಲೇ ಹಾಕಿ. ಇನ್ನೊಂದರಲ್ಲಿ ಭತ್ತ ಬೆಳೆಯಿರಿ.

ನಿವೃತ್ತ ಪಶುವೈದ್ಯ:
ಲೆಕ್ಕ ಏನೇ ಇರಲಿ, ನೀರು ನಿಲ್ಲುವ ಗದ್ದೆಗೆ ಕುರಿ ಇಳಿಸಬೇಡಿ. ಅಲ್ಲಿನ ಬಸವನಹುಳುಗಳ ಮೂಲಕ ಯಕೃತ್ತಿನ ಹುಳು ಮಂದೆಗೆ ಬರುತ್ತದೆ. ದವಡೆಯ ಕೆಳಗೆ ಮೆತ್ತಗೆ ಊದಿಕೊಂಡು, ಕಣ್ಣಿನ ಒಳರೆಪ್ಪೆ ಬಿಳುಚಿದ್ದರೆ ತಡಮಾಡದೆ ಹಿಕ್ಕೆ ಪರೀಕ್ಷೆ ಮಾಡಿಸಿ. ಮೇಯಿಸಲೇಬೇಕೆಂದರೆ ದಿನ್ನೆಯಲ್ಲಿ, ಇಬ್ಬನಿ ಆರಿದ ಮೇಲೆ.

ಮದ್ದೂರು ರೈತ:
ದಿನವೂ ನೂರೈವತ್ತು ಕೆ.ಜಿ. ಕೊಯ್ಯುವವರು ಯಾರು ಸ್ವಾಮಿ? ಆಳಿಲ್ಲವೆಂದೇ ತಾನೇ ಕಬ್ಬು ಬಿಟ್ಟದ್ದು?

ಮಳವಳ್ಳಿ ಕುರಿಯವನು:
ಹೆಗಲಿಗೆ ಹಾಕುವ ಕಳೆ ಕೊಯ್ಯುವ ಯಂತ್ರ ತನ್ನಿ, ಬೆಳಗಿನ ಕೆಲಸ ಮುಗಿಯುತ್ತದೆ. ಗೊಬ್ಬರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಭತ್ತ ಕೊಯ್ದ ಮೇಲೆ ಹೊರಗಿನ ಕುರಿಗಾಹಿಗಳಿಗೆ ದುಡ್ಡು ಕೊಟ್ಟು ಗದ್ದೆಯಲ್ಲಿ ಮಂದೆ ಕಟ್ಟಿಸುತ್ತೀರಲ್ಲ, ಆ ಖರ್ಚು ಉಳಿಯುತ್ತದೆ. ಇನ್ನೊಂದು ಮಾತು: ನಾಲೆಯಲ್ಲಿ ಸರದಿಯಂತೆ ಬಿಡುವ ಕಟ್ಟು ನೀರು ತಪ್ಪುವ ಬೇಸಿಗೆಗೆ ಕೊಳವೆ ಬಾವಿ ಇದೆಯೇ? ಇಲ್ಲದಿದ್ದರೆ ಮೂವತ್ತು ಬೇಡ, ಹದಿನೈದರಿಂದ ಶುರು ಮಾಡಿ.