ಭ್ರೂಣ ವರ್ಗಾವಣೆಯ ನಂತರ ಗಬ್ಬ ನಿಲ್ಲದಿರುವುದೇಕೆ?

ಪ್ರಶ್ನೆ (ಯಲಹಂಕದ ಹೈನುಗಾರ): ಕಳೆದ ಏಪ್ರಿಲ್‌ನಲ್ಲಿ ನಮ್ಮ ನಾಲ್ಕು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳಿಗೆ ಘನೀಕರಿಸಿದ ಭ್ರೂಣ ಇಡಿಸಿದೆವು. ಒಂದು ಮಾತ್ರ ಗಬ್ಬ ನಿಂತಿತು; ಉಳಿದವು ಎರಡು ವಾರದೊಳಗೆ ಮತ್ತೆ ಬೆದೆಗೆ ಬಂದವು. ದೋಷ ಭ್ರೂಣದ್ದೋ, ಹಸುವಿನದೋ, ಬಿಸಿಲಿನದೋ?

ಉತ್ತರ 1 (ಪಶುವೈದ್ಯ, ಹೆಬ್ಬಾಳ): ಬಿಸಿಲನ್ನು ಮೊದಲೇ ದೂರಬೇಡಿ. ಏಳು ದಿನದ ಭ್ರೂಣವು ಒಂದೆರಡು ದಿನದ ಭ್ರೂಣಕ್ಕಿಂತ ಹೆಚ್ಚು ತಾಪ ಸಹಿಸುತ್ತದೆ; ಬೇಸಿಗೆಯಲ್ಲಿ ಈ ವಿಧಾನವನ್ನು ಬಳಸುವುದಕ್ಕೆ ಅದೂ ಒಂದು ಕಾರಣ. ನಾನು ಮೊದಲು ಕೇಳುವುದು ಬೆದೆಯ ದಿನವನ್ನು. ಹಸು ಬೆದೆಗೆ ಬಂದು ಏಳು ದಿನ, ಹೆಚ್ಚೆಂದರೆ ಒಂದು ದಿನ ಹಿಂದುಮುಂದು, ಆಗಿರಬೇಕು. ಅಂಡಾಶಯದಲ್ಲಿ ಗಟ್ಟಿಯಾದ ಪೀತಪಿಂಡವಿದ್ದು (ಅಂಡ ಬಿಡುಗಡೆಯಾದ ಜಾಗದಲ್ಲಿ ಬೆಳೆದು, ಗಬ್ಬ ಉಳಿಸುವ ಹಾರ್ಮೋನು ಪ್ರೊಜೆಸ್ಟರಾನ್ ಸ್ರವಿಸುವ ಗಂಟು), ಅದೇ ಬದಿಯ ಗರ್ಭಕೊಂಬಿನಲ್ಲಿ, ಅಂದರೆ ಗರ್ಭಕೋಶದ ಕವಲಿನಲ್ಲಿ, ಭ್ರೂಣವನ್ನು ಇಡಬೇಕು. ಭ್ರೂಣವು ಬೆಳೆದು, ಬೆದೆಯಿಂದ ಎಣಿಸಿದರೆ ಸುಮಾರು 16ನೇ ದಿನದ ಹೊತ್ತಿಗೆ, ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನಿನ ಮೂಲಕ ತಾಯಿಗೆ ತನ್ನ ಇರವನ್ನು ತಿಳಿಸದಿದ್ದರೆ ಪೀತಪಿಂಡ ಕರಗಿ, ಪ್ರೊಜೆಸ್ಟರಾನ್ ಇಳಿದು, ಹಸು ಬೆದೆಗೆ ಮರಳುತ್ತದೆ. ನಿಮ್ಮಲ್ಲಿ ನಡೆದಿರುವುದೂ ಬಹುಶಃ ಇದೇ.

ಉತ್ತರ 2 (ದೇವನಹಳ್ಳಿಯಿಂದ): ಘನೀಕೃತ ಭ್ರೂಣಕ್ಕೆ ತಾಜಾ ಭ್ರೂಣದಷ್ಟು ಫಲ ಸಿಗುವುದಿಲ್ಲ, ಪ್ರಯೋಗಾಲಯದಲ್ಲಿ ಫಲಿಸಿದ ಭ್ರೂಣವಂತೂ ಘನೀಕರಣವನ್ನು ಇನ್ನೂ ಕಡಿಮೆ ತಾಳಿಕೊಳ್ಳುತ್ತದೆ. ನಮ್ಮಲ್ಲಿ ಒಮ್ಮೆ ಸ್ಟ್ರಾ (ಘನೀಕೃತ ಭ್ರೂಣವಿರುವ ಸಣ್ಣ ಕೊಳವೆ) ಕರಗಿಸಿದ ಮೇಲೆ ಹಸುವನ್ನು ಕಟ್ಟುವುದರಲ್ಲೇ ಹೊತ್ತು ಕಳೆದೆವು, ತಪ್ಪು ನಮ್ಮದೇ. ಬಡಕಲು ಹಸುವನ್ನೂ, ಗರ್ಭಕೋಶದ ಸೋಂಕಿರುವುದನ್ನೂ ಆರಿಸಬೇಡಿ.

ಪ್ರಶ್ನೆ ಕೇಳಿದವರು: ಬೆದೆ ಕಂಡದ್ದು ಆಳುಮಗನಿಗೆ, ಅದೂ ಬೆಳಗಿನ ಹಾಲು ಕರೆಯುವಾಗ, ಆರಂಭವಾದದ್ದು ಯಾವಾಗ ಎಂದು ಯಾರೂ ಬರೆದಿಟ್ಟಿಲ್ಲ.

ಉತ್ತರ 1: ಹಾಗಾದರೆ ಅಲ್ಲಿಂದಲೇ ಶುರು ಮಾಡಿ. ಮುಂದಿನ ಸಲ ಸ್ಕ್ಯಾನ್‌ನಲ್ಲಿ ಪೀತಪಿಂಡ ನೋಡದೆ ಸ್ಟ್ರಾ ಕರಗಿಸಲು ಬಿಡಬೇಡಿ.